ಲಿನಕ್ಸ್‌ನಲ್ಲಿ ಸಿಡಿ, ಡಿವಿಡಿ ಬರ್ನ್ ಮಾಡುವುದು: ಯಾವ ತಂತ್ರಾಂಶ, ಹೇಗೆ ಹೊಂದಿಸುವುದು, ಎಲ್ಲಿ ಕೆಡುತ್ತದೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕಿದ್ದ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಲು ಬಾರದ ಹಳೇ ಕಂಪ್ಯೂಟರ್‌ಗಳನ್ನು ಗುಜರಿಗೆ ಹಾಕುವ ಬದಲು ಲಿನಕ್ಸ್ ಮಿಂಟ್, ಉಬುಂಟುವಿನಂಥ ಉಚಿತ ಲಿನಕ್ಸ್ ವ್ಯವಸ್ಥೆ ಹಾಕಿ ಬಳಸುವ ದಾರಿ ಈಗ ಅನೇಕರ ಮುಂದಿದೆ. ಹೀಗೆ ಬದಲಾದ ಯಂತ್ರಗಳು ಹಳೆಯವಾದ್ದರಿಂದ ಹೆಚ್ಚಿನವಕ್ಕೆ ಡಿವಿಡಿ ರೈಟರ್ ಇದ್ದೇ ಇರುತ್ತದೆ. ಅದರ ಕೆಲಸವೂ ಮುಗಿದಿಲ್ಲ. ತುಮಕೂರಿನ ಕೋರ್ಟ್ ಆಸುಪಾಸಿನ ಡಿಟಿಪಿ ಅಂಗಡಿಗೆ ಸಿಸಿಟಿವಿ ದೃಶ್ಯ ಹಿಡಿದು ಬರುವವರು, ಚಿಂತಾಮಣಿಯ ಸ್ಟುಡಿಯೊದಲ್ಲಿ ಮದುವೆ ಡಿವಿಡಿ ಕೇಳುವವರು, ಬಂಗಾರಪೇಟೆಯಲ್ಲಿ ಹಳೇ ಕಾರಿನ ಪ್ಲೇಯರ್‌ಗೆ ಭಜನೆ ಸಿಡಿ ಬೇಕೆನ್ನುವವರು ಇನ್ನೂ ಇದ್ದಾರೆ. ಅವರಿಗೆ ಡಿಸ್ಕ್ ಕೊಡಬೇಕಾದವರು ಲಿನಕ್ಸ್ ಮೆನುವಿನಲ್ಲಿ ವಿಂಡೋಸ್‌ನ ಬರ್ನ್ ತಂತ್ರಾಂಶವಾದ ನೀರೋ ಹುಡುಕಿ, ಸಿಗದೆ, ಈ ಯಂತ್ರದಲ್ಲಿ ಇದೆಲ್ಲ ಆಗುವುದಿಲ್ಲ ಎಂದುಕೊಳ್ಳುತ್ತಾರೆ. ಆಗುತ್ತದೆ, ಅದೂ ಕಾಸು ಖರ್ಚಿಲ್ಲದೆ. ಆದರೆ ಒಳಗೆ ಏನು ನಡೆಯುತ್ತದೆ ಎಂಬುದು ಸ್ವಲ್ಪ ಗೊತ್ತಿದ್ದರೆ ಡಿಸ್ಕ್ ಹಾಳಾಗುವುದು ತಪ್ಪುತ್ತದೆ.

(ಕೆಳಗೆ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಅವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಬೇಕು.)

## ಬರ್ನ್ ಮಾಡುವುದು ಎಂದರೇನು?

ಖಾಲಿ ಸಿಡಿ-ಆರ್ ಅಥವಾ ಡಿವಿಡಿ-ಆರ್ ಒಳಗೆ ಬಣ್ಣದ ತೆಳು ಪದರವೊಂದಿದೆ. ರೈಟರ್‌ನ ಲೇಸರ್ ಆ ಪದರವನ್ನು ಅಲ್ಲಲ್ಲಿ ಕಾಯಿಸಿ ಗುರುತು ಮಾಡುತ್ತದೆ. ಓದುವಾಗ ಗುರುತಿರುವ ಜಾಗಕ್ಕೂ ಇಲ್ಲದ ಜಾಗಕ್ಕೂ ಬೆಳಕು ಬೇರೆ ಬೇರೆಯಾಗಿ ಹಿಂತಿರುಗುತ್ತದೆ. ಅದೇ ಮಾಹಿತಿ. ಒಮ್ಮೆ ಕಾಯಿಸಿದ ಗುರುತು ಹೋಗುವುದಿಲ್ಲ, ಆದ್ದರಿಂದ ಪೆನ್‌ಡ್ರೈವ್‌ನಂತೆ ಅಳಿಸಿ ಮತ್ತೆ ಬರೆಯಲು ಬರುವುದಿಲ್ಲ. ಆರ್‌ಡಬ್ಲ್ಯೂ ಎಂದಿರುವ ಡಿಸ್ಕ್‌ಗಳಲ್ಲಿ ಮಾತ್ರ ಬೇರೆ ಬಗೆಯ ಪದರವಿದ್ದು, ಅಳಿಸಿ ಬರೆಯಬಹುದು.

ಬರೆಯುವ ಕೆಲಸ ಕಂತುಕಂತಾಗಿಯೂ ಆಗಬಹುದು. ಒಂದು ಕಂತಿಗೆ ಸೆಷನ್ ಎನ್ನುತ್ತಾರೆ. ಇನ್ನು ಮುಂದೆ ಏನೂ ಸೇರಿಸುವುದಿಲ್ಲ ಎಂದು ಡಿಸ್ಕನ್ನು ಮುಚ್ಚುವುದು ಫೈನಲೈಸ್. ಮುಚ್ಚದೆ ಬಿಟ್ಟ ಡಿಸ್ಕ್ ನಿಮ್ಮ ಕಂಪ್ಯೂಟರ್‌ನಲ್ಲಿ ಓದಿದರೂ ಟಿವಿ ಕೆಳಗಿನ ಡಿವಿಡಿ ಪ್ಲೇಯರ್‌ನಲ್ಲಿ ಓದದಿರಬಹುದು. ಬೇರೆಯವರ ಕೈಗೆ ಕೊಡುವ ಡಿಸ್ಕನ್ನು ಯಾವಾಗಲೂ ಮುಚ್ಚಿಯೇ ಕೊಡಿ.

ಅಳತೆಯ ಲೆಕ್ಕದಲ್ಲೂ ಎಡವುವವರು ಬಹಳ. ಸಿಡಿಗೆ 700 ಎಂಬಿ, ಡಿವಿಡಿಗೆ 4.7 ಜಿಬಿ, ಎರಡು ಪದರದ ಡಿವಿಡಿಗೆ 8.5 ಜಿಬಿ, ಬ್ಲೂ-ರೇಗೆ 25 ಜಿಬಿ. ಡಿವಿಡಿಯ ಈ 4.7 ಎಂಬುದು ಸಾವಿರದ ಲೆಕ್ಕ. ಟರ್ಮಿನಲ್ 1024ರ ಲೆಕ್ಕದಲ್ಲಿ ತೋರಿಸುವುದರಿಂದ ಅದೇ ಡಿಸ್ಕ್ ಅಲ್ಲಿ 4.38 ಆಗುತ್ತದೆ. ಹಾಗಾಗಿ ಟರ್ಮಿನಲ್‌ನಲ್ಲಿ 4.5 ಜಿ ಎಂದು ಕಂಡ ಫೈಲ್ ಒಂದು ಪದರದ ಡಿವಿಡಿಗೆ ಹಿಡಿಸುವುದಿಲ್ಲ.

## ಎದುರಿನ ಕಿಟಕಿ, ಹಿಂದಿನ ಕೆಲಸಗಾರ

ಲಿನಕ್ಸ್‌ನಲ್ಲಿ ಬರ್ನ್ ಮಾಡುವ ತಂತ್ರಾಂಶ ಎಂದರೆ ಹೆಚ್ಚಿನ ಕಡೆ ಒಂದಲ್ಲ, ಎರಡು. ಬಿ.ಎಚ್. ರಸ್ತೆಯ ಯಾವ ಹೋಟೆಲ್‌ಗೆ ಹೋದರೂ ಆರ್ಡರ್ ತೆಗೆದುಕೊಳ್ಳುವುದು ಸಪ್ಲೈಯರ್, ದೋಸೆ ಹುಯ್ಯುವುದು ಒಳಗಿನ ಭಟ್ಟರು. ಹಾಗೆಯೇ ಬ್ರಾಸೆರೊ, ಕೆ3ಬಿ, ಎಕ್ಸ್‌ಎಫ್‌ಬರ್ನ್ ಎಂಬ ಕಿಟಕಿಗಳು ನಿಮ್ಮಿಂದ ಫೈಲ್ ಪಟ್ಟಿ ತೆಗೆದುಕೊಳ್ಳುತ್ತವೆ, ಲೇಸರ್‌ಗೆ ಆಜ್ಞೆ ಕೊಡುವುದು ಹಿಂದಿರುವ ಬೇರೆ ಉಪಕರಣ. ಕಿಟಕಿ ತೆರೆದುಕೊಂಡಿತು, ಬಟನ್ ಒತ್ತಿದೆ, ಏನೂ ಆಗಲಿಲ್ಲ ಎಂಬ ದೂರಿಗೆ ಹಿಂದಿನವರು ಅಡುಗೆಮನೆಯಲ್ಲಿ ಇಲ್ಲದಿರುವುದೂ ಕಾರಣವಾಗಿರುತ್ತದೆ.

ಹಿಂದಿನ ಉಪಕರಣಗಳಲ್ಲಿ ಹಳೆಯದು ಯೋರ್ಗ್ ಶಿಲ್ಲಿಂಗ್ ಬರೆದ ಸಿಡಿರೆಕಾರ್ಡ್. ಅದರ ಪರವಾನಗಿಯ ತಕರಾರಿನಿಂದ 2006ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಬಗೆಯನ್ನು ಹೊರತರುವವರು ಅದನ್ನೇ ಕವಲೊಡೆಸಿ ವೋಡಿಮ್ ಎಂದು ಕರೆದರು. ಡಿವಿಡಿಗೆ ಗ್ರೋಐಸೊಎಫ್‌ಎಸ್ ಬಂತು. ಥಾಮಸ್ ಶ್ಮಿಟ್ ನೋಡಿಕೊಳ್ಳುವ ಲಿಬ್‌ಬರ್ನ್ ಮತ್ತು ಅದರ ಮೇಲೆ ನಿಂತ ಜೋರಿಸೊ ಈಗಲೂ ಚೆನ್ನಾಗಿ ನಡೆಯುತ್ತಿವೆ. ಹಳೇ ವೋಡಿಮ್ ಡಿವಿಡಿ ವಿಷಯದಲ್ಲಿ ತಗಾದೆ ತೆಗೆದಾಗ ಜೋರಿಸೊ ಅಥವಾ ಲಿಬ್‌ಬರ್ನ್ ದಾರಿ ಹಿಡಿದರೆ ಕೆಲಸ ಆಗುವುದು ಹೆಚ್ಚು. ಈ ಹೆಸರುಗಳನ್ನು ಬಾಯಿಪಾಠ ಮಾಡಬೇಕಿಲ್ಲ. ದೋಷ ತೋರಿಸುವ ಕಿಟಕಿಯಲ್ಲಿ ಇವು ಕಾಣಿಸಿಕೊಂಡಾಗ ಗಾಬರಿ ಬೇಡ ಎನ್ನಲಷ್ಟೇ ಹೇಳಿದ್ದು.

## ತಂತ್ರಾಂಶಕ್ಕಿಂತ ಮೊದಲು ಡ್ರೈವ್ ನೋಡಿ

ಟ್ರೇ ಮುಂಭಾಗದ ಚಿಹ್ನೆ ಓದಿ. ಬರೀ ಡಿವಿಡಿ-ರಾಮ್ ಎಂದಿದ್ದರೆ ಅದು ಓದುವ ಡ್ರೈವ್ ಮಾತ್ರ. ಕಾಂಬೊ ಡ್ರೈವ್ ಎಂಬ ಹಳೇ ಬಗೆ ಸಿಡಿ ಬರೆಯುತ್ತದೆ, ಡಿವಿಡಿಯನ್ನು ಬರೀ ಓದುತ್ತದೆ. ಇಂಥದ್ದಕ್ಕೆ ಖಾಲಿ ಡಿವಿಡಿ ಹಾಕಿ, ತಂತ್ರಾಂಶ ಅದನ್ನು ಗುರುತಿಸುತ್ತಿಲ್ಲ ಎಂದು ಅರ್ಧ ದಿನ ಕಳೆಯುವುದು ಬೇಡ.

ಲಿನಕ್ಸ್‌ಗೆ ಡ್ರೈವ್ ಕಂಡಿದೆಯೇ ಎಂದು ತಿಳಿಯಲು ಟರ್ಮಿನಲ್ ತೆರೆದು ಎಲ್-ಎಸ್-ಬಿ-ಎಲ್-ಕೆ ಎಂಬ ಐದಕ್ಷರ ಒತ್ತಿ ಎಂಟರ್ ಮಾಡಿ. ಪಟ್ಟಿಯಲ್ಲಿ ಎಸ್‌ಆರ್0 ಎಂಬ ಸಾಲು, ಅದರ ಬಗೆಯ ಕಂಬದಲ್ಲಿ ರಾಮ್ ಎಂದು ಇದ್ದರೆ ಡ್ರೈವ್ ಸಿಕ್ಕಿದೆ. ಹೆಸರಿನ ಕೊನೆಯದು ಸೊನ್ನೆ, ಓ ಅಲ್ಲ. ಆ ಸಾಲೇ ಇಲ್ಲದಿದ್ದರೆ ಯಾವ ತಂತ್ರಾಂಶ ಹಾಕಿಯೂ ಪ್ರಯೋಜನವಿಲ್ಲ. ಕಂಪ್ಯೂಟರ್ ಆಫ್ ಮಾಡಿ ಕ್ಯಾಬಿನೆಟ್ ಒಳಗಿನ ಸಾಟಾ ಕೇಬಲ್ ಮತ್ತು ಪವರ್ ಕೇಬಲ್ ಒತ್ತಿ ನೋಡಿ.

ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ ತೆಳು ಯುಎಸ್‌ಬಿ ರೈಟರ್‌ಗಳ ಕಷ್ಟ ಬೇರೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ ವಿದ್ಯುತ್ 500 ಮಿಲಿಆಂಪ್. ಡಿಸ್ಕ್ ತಿರುಗಿಸುತ್ತಾ ಲೇಸರ್‌ನಿಂದ ಬರೆಯುವಾಗ ಡ್ರೈವ್ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಓದುವಾಗ ಸರಿಯಿದ್ದ ಡ್ರೈವ್ ಬರೆಯಲು ಹೊರಟ ಕೂಡಲೇ ಟಕ್ ಎಂದು ಸದ್ದು ಮಾಡಿ ಮಾಯವಾಗುವುದು ಈ ಕಾರಣಕ್ಕೆ. ಹಬ್ ಬಿಡಿ, ನೇರ ಪೋರ್ಟ್‌ಗೆ, ಸಾಧ್ಯವಾದರೆ ನೀಲಿ ಬಣ್ಣದ 3.0 ಪೋರ್ಟ್‌ಗೆ ಹಾಕಿ. ಡಬ್ಬದಲ್ಲಿ ಎರಡು ತಲೆಯ ಕೇಬಲ್ ಬಂದಿದ್ದರೆ ಎರಡನ್ನೂ ಸಿಕ್ಕಿಸಿ.

## ಯಾವುದನ್ನು ಹಾಕಿಕೊಳ್ಳುವುದು?

ನಿಮ್ಮ ಡೆಸ್ಕ್‌ಟಾಪ್, ಅಂದರೆ ಮೆನು, ಕಿಟಕಿಗಳನ್ನು ತೋರಿಸುವ ವ್ಯವಸ್ಥೆ, ಯಾವುದೋ ಅದಕ್ಕೆ ಹೊಂದುವುದನ್ನು ಹಾಕಿಕೊಳ್ಳುವುದು ಸುಲಭ. ಮಿಂಟ್‌ನ ಸಿನಮನ್, ಮಾಟೆ ಅಥವಾ ಉಬುಂಟುವಿನ ಗ್ನೋಮ್ ಇದ್ದರೆ ಬ್ರಾಸೆರೊ. ಎರಡು ಜಿಬಿ ರ‍್ಯಾಮ್‌ನ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಹಾಕಿದ್ದರೆ ಎಕ್ಸ್‌ಎಫ್‌ಬರ್ನ್, ಇದು ಹಗುರ. ಕುಬುಂಟುವಿನಂಥ ಕೆಡಿಇ ಇದ್ದರೆ ಕೆ3ಬಿ.

ದಿನಕ್ಕೆ ನಾಲ್ಕಾರು ಡಿಸ್ಕ್ ಬರೆಯುವ ಅಂಗಡಿಯಾದರೆ ಡೆಸ್ಕ್‌ಟಾಪ್ ಯಾವುದೇ ಇರಲಿ ಕೆ3ಬಿಯನ್ನೇ ಹಾಕಿಕೊಳ್ಳಿ. ನೀರೋ ಬಳಸಿದವರಿಗೆ ಅದರ ವಿನ್ಯಾಸ ಬೇಗ ಹಿಡಿತಕ್ಕೆ ಬರುತ್ತದೆ, ಬರೆದದ್ದನ್ನು ತಾನೇ ಪರೀಕ್ಷಿಸುತ್ತದೆ, ಕೆಟ್ಟರೆ ಎಲ್ಲಿ ಕೆಟ್ಟಿತು ಎಂದು ಬಿಡಿಸಿ ತೋರಿಸುತ್ತದೆ. ಮಿಂಟ್‌ಗೆ ಹಾಕಿದರೆ ಕೆಡಿಇಯ ಪೂರಕ ಕಡತಗಳೂ ಜೊತೆಗೆ ಇಳಿಯುವುದರಿಂದ ಡೌನ್‌ಲೋಡ್ ತುಸು ದೊಡ್ಡದು, ಬೇರೆ ತೊಂದರೆಯಿಲ್ಲ.

ಹಾಕುವ ಕ್ರಮ: ಮಿಂಟ್‌ನಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ಹೆಸರು ಹುಡುಕಿ ಇನ್‌ಸ್ಟಾಲ್ ಒತ್ತಿ. ಟರ್ಮಿನಲ್‌ನಲ್ಲಾದರೆ ಮೊದಲು ‘ಸುಡೊ ಆಪ್ಟ್ ಅಪ್‌ಡೇಟ್’, ಬಳಿಕ ‘ಸುಡೊ ಆಪ್ಟ್ ಇನ್‌ಸ್ಟಾಲ್ ಕೆ3ಬಿ’. ಸುಡೊ ಎಂದರೆ ಆಡಳಿತಗಾರನ ಅಧಿಕಾರದಲ್ಲಿ ನಡೆಸು ಎಂದು. ಒಂದೇ ಹೆಸರಿಗೆ ಎರಡು ಫಲಿತಾಂಶ ಬಂದು ಒಂದರ ಮೇಲೆ ಫ್ಲಾಟ್‌ಪ್ಯಾಕ್ ಎಂದಿದ್ದರೆ, ಇನ್ನೊಂದನ್ನು ಅಂದರೆ ಸಿಸ್ಟಂ ಪ್ಯಾಕೇಜ್ ಅನ್ನು ಆರಿಸಿ. ಫ್ಲಾಟ್‌ಪ್ಯಾಕ್ ತಂತ್ರಾಂಶವನ್ನು ಬೇಲಿಯೊಳಗೆ ಇಟ್ಟು ನಡೆಸುತ್ತದೆ. ಡ್ರೈವ್‌ನಂಥ ಯಂತ್ರಾಂಶವನ್ನು ನೇರವಾಗಿ ಮುಟ್ಟಬೇಕಾದ ಕೆಲಸಕ್ಕೆ ಆ ಬೇಲಿ ಅಡ್ಡ ಬರಬಹುದು. ಸಿಸ್ಟಂ ಪ್ಯಾಕೇಜ್ ಆದರೆ ಹಿಂದಿನ ಉಪಕರಣಗಳನ್ನೂ ತಾನೇ ಎಳೆದುಕೊಂಡು ಬರುತ್ತದೆ.

## ಮೊದಲ ಸಲ ಹೊಂದಿಸುವಾಗ

ಕೆ3ಬಿ ತೆರೆದಾಗ ಯಾವುದೋ ಪ್ರೋಗ್ರಾಂ ಇಲ್ಲ ಎಂಬ ಎಚ್ಚರಿಕೆ ಬಂದರೆ ಮುಚ್ಚಿಬಿಡಬೇಡಿ, ಹೆಸರು ಓದಿ. ಸಿಡಿಆರ್‌ಡಿಎಒ ಇಲ್ಲ ಎಂದರೆ ಅದೇ ಹೆಸರಿನ ಪ್ಯಾಕೇಜ್ ಹಾಕಿ. ಗ್ರೋಐಸೊಎಫ್‌ಎಸ್ ಇಲ್ಲ ಎಂದರೂ ಅದೇ ಹೆಸರಿನ ಪ್ಯಾಕೇಜ್ ಹಾಕಿ. ಬಳಿಕ ಸೆಟ್ಟಿಂಗ್ಸ್‌ನಲ್ಲಿ ಪ್ರೋಗ್ರಾಮ್ಸ್ ಪುಟ ತೆರೆದು ಮತ್ತೆ ಹುಡುಕಿಸಿ.

ಎರಡನೆಯದು ತಾತ್ಕಾಲಿಕ ಜಾಗ. ಡಿಸ್ಕ್ ನಕಲು ಮಾಡುವಾಗಲೂ, ಇಮೇಜ್ ಅಂದರೆ ಇಡೀ ಡಿಸ್ಕ್‌ನ ಪಡಿಯಚ್ಚು ತಯಾರಿಸಿ ಬರೆಯುವಾಗಲೂ ಇಡೀ ಡಿಸ್ಕ್‌ನಷ್ಟು ಜಾಗ ಹಾರ್ಡ್‌ಡಿಸ್ಕ್‌ನಲ್ಲಿ ಬೇಕು. ಎರಡು ಪದರದ ಡಿವಿಡಿಯಾದರೆ 8.5 ಜಿಬಿ. ಲಿನಕ್ಸ್ ಕೂತಿರುವ ರೂಟ್ ಪಾರ್ಟಿಷನ್ ಚಿಕ್ಕದಾಗಿದ್ದರೆ ಅರ್ಧದಲ್ಲಿ ಜಾಗ ಸಾಲದು ಎಂದು ನಿಲ್ಲುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ತಾತ್ಕಾಲಿಕ ಫೋಲ್ಡರ್ ಅನ್ನು ಹೋಮ್ ಒಳಗೆ ಅಥವಾ ಡೇಟಾ ಪಾರ್ಟಿಷನ್‌ಗೆ ಬದಲಿಸಿ.

ಮೂರನೆಯದು ಅನುಮತಿ. ಕಂಪ್ಯೂಟರ್ ಎದುರು ಕೂತು ಲಾಗಿನ್ ಆದವರಿಗೆ ಡ್ರೈವ್ ಬಳಸುವ ಅನುಮತಿಯನ್ನು ಈಗಿನ ಲಿನಕ್ಸ್ ತಾನೇ ಕೊಡುತ್ತದೆ. ಹಾಗೂ ‘ಪರ್ಮಿಷನ್ ಡಿನೈಡ್’ ಎಂದು ಬಂದರೆ ನಿಮ್ಮ ಖಾತೆಯನ್ನು ಸಿಡಿರಾಮ್ ಗುಂಪಿಗೆ ಸೇರಿಸಬೇಕು: ‘ಸುಡೊ ಆಡ್‌ಯೂಸರ್’, ಅದರ ಮುಂದೆ ನಿಮ್ಮ ಖಾತೆಯ ಹೆಸರು, ಅದರ ಮುಂದೆ ‘ಸಿಡಿರಾಮ್’. ಒಮ್ಮೆ ಲಾಗ್‌ಔಟ್ ಆಗಿ ಬಂದರೆ ಮಾತ್ರ ಇದು ಜಾರಿಯಾಗುತ್ತದೆ. ಅನುಮತಿ ಸಿಗಲಿಲ್ಲವೆಂದು ಇಡೀ ಕೆ3ಬಿಯನ್ನು ಸುಡೊ ಹಾಕಿ ತೆರೆಯುವ ಅಭ್ಯಾಸ ಬೇಡ. ಅದು ಬರೆಯುವ ಕಡತಗಳೆಲ್ಲ ರೂಟ್ ಅಂದರೆ ಆಡಳಿತಗಾರನ ಹೆಸರಿಗೆ ಹೋಗಿ, ಮುಂದಿನ ಸಲ ನಿಮಗೇ ಸಿಗುವುದಿಲ್ಲ.

## ಫೈಲ್ ಹಾಕುವಾಗ: ಕನ್ನಡ ಹೆಸರುಗಳ ತೊಡಕು

ಫೋಟೊ, ಪಿಡಿಎಫ್, ಧ್ವನಿಮುದ್ರಣಗಳನ್ನು ಇದ್ದ ಹಾಗೇ ಹಾಕಲು ‘ಡೇಟಾ ಪ್ರಾಜೆಕ್ಟ್’ ಆರಿಸಿ, ಫೈಲ್‌ಗಳನ್ನು ಎಳೆದು ಬಿಟ್ಟು, ಬರ್ನ್ ಒತ್ತಿದರಾಯಿತು. ಗಮನ ಕೊಡಬೇಕಾದದ್ದು ಹೆಸರಿಗೆ.

ಡಿಸ್ಕ್ ಮೇಲಿನ ಮೂಲ ಫೈಲ್ ವ್ಯವಸ್ಥೆ ಐಎಸ್‌ಒ 9660. ಅದು ಕನ್ನಡ ಅರಿಯದು. ಕನ್ನಡ ಹೆಸರು ಉಳಿಯಲು ಲಿನಕ್ಸ್‌ಗೆ ರಾಕ್ ರಿಡ್ಜ್, ವಿಂಡೋಸ್‌ಗೆ ಜೋಲಿಯೆಟ್ ಎಂಬ ಎರಡು ಹೆಚ್ಚುವರಿ ಪಟ್ಟಿಗಳನ್ನು ಜೊತೆಗೆ ಬರೆಯಲಾಗುತ್ತದೆ. ಕೆ3ಬಿಯ ‘ಫೈಲ್‌ಸಿಸ್ಟಂ’ ಪುಟದಲ್ಲಿ ‘ಲಿನಕ್ಸ್/ಯೂನಿಕ್ಸ್ + ವಿಂಡೋಸ್’ ಇಟ್ಟರೆ ಎರಡೂ ಬರುತ್ತವೆ.

ಜೋಲಿಯೆಟ್‌ನಲ್ಲಿ ಒಂದು ಹೆಸರಿಗೆ 64 ಸಂಕೇತಗಳ ಮಿತಿ. ಕನ್ನಡದಲ್ಲಿ ಕಣ್ಣಿಗೆ ಒಂದಾಗಿ ಕಾಣುವ ಅಕ್ಷರಕ್ಕೆ ಕಂಪ್ಯೂಟರ್ ಒಳಗೆ ಹಲವು ಸಂಕೇತ ಇರುತ್ತವೆ. ಗುಣಿತದ ಚಿಹ್ನೆಗೆ ಒಂದು, ಒತ್ತಕ್ಷರದ ನಡುವಿನ ಅರ್ಧಕ್ಕೆ ಒಂದು. ‘ಶ್ರೀ’ ಎಂಬ ಒಂದೇ ಅಕ್ಷರ ನಾಲ್ಕು ಸಂಕೇತ. ‘ಚಿಕ್ಕಬಳ್ಳಾಪುರ’ ನೋಡಲು ಆರು ಅಕ್ಷರ, ಒಳಗೆ 13 ಸಂಕೇತ. ಹೀಗಾಗಿ ಸುಮಾರು 30 ಅಕ್ಷರಕ್ಕೇ ಮಿತಿ ಮುಗಿದು ಹೆಸರಿನ ಬಾಲ ಕತ್ತರಿಸಿ ಹೋಗುತ್ತದೆ. ಮೊದಲರ್ಧ ಒಂದೇ ಇರುವ ಹತ್ತು ಫೈಲ್‌ಗಳಿದ್ದರೆ ಯಾವುದು ಯಾವುದೆಂದು ಗೊತ್ತಾಗದು. ಬ್ರಾಸೆರೊ ಇಂಥ ಹೊತ್ತಿನಲ್ಲಿ ವಿಂಡೋಸ್‌ಗೆ ಹೊಂದುವಂತೆ ಹೆಸರು ಬದಲಿಸಲೇ ಎಂದು ಕೇಳುತ್ತದೆ. ಅದಕ್ಕೆ ಬಿಡುವ ಬದಲು ನೀವೇ ಮೊದಲು ಚಿಕ್ಕ ಹೆಸರಿಡಿ: ಮುಂದೆ 01, 02 ಎಂಬ ಸಂಖ್ಯೆ, ಬಳಿಕ ಎರಡು ಪದ. ಕಾರಿನ ಪ್ಲೇಯರ್‌ಗೆ ಹೋಗುವ ಡಿಸ್ಕಾದರೆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಿ, ಅವುಗಳಲ್ಲಿ ಕನ್ನಡ ಫಾಂಟ್ ಇರುವುದಿಲ್ಲ.

ಒಂದೇ ಫೈಲ್ 4 ಜಿಬಿ ಮೀರಿದರೆ ಕೆ3ಬಿಯಲ್ಲಿ ದೊಡ್ಡ ಫೈಲ್‌ಗೆಂದು ಇರುವ ಯುಡಿಎಫ್ ಆಯ್ಕೆಗೆ ಬದಲಿಸಿ.

## ಐಎಸ್‌ಒ ಇಮೇಜ್: ಎಲ್ಲರೂ ಬೀಳುವ ಗುಂಡಿ

ಐಎಸ್‌ಒ ಎಂಬುದು ಇಡೀ ಡಿಸ್ಕ್‌ನ ಪಡಿಯಚ್ಚು, ಒಂದು ಫೈಲ್ ರೂಪದಲ್ಲಿ. ಅದನ್ನು ಡೇಟಾ ಪ್ರಾಜೆಕ್ಟ್‌ಗೆ ಎಳೆದು ಹಾಕಿ ಬರೆದರೆ ಡಿಸ್ಕ್‌ನೊಳಗೆ ಆ ಒಂದು ಫೈಲ್ ಮಾತ್ರ ಕೂತಿರುತ್ತದೆ, ಕಂಪ್ಯೂಟರ್ ಅದರಿಂದ ಬೂಟ್ ಆಗುವುದಿಲ್ಲ. ಮೂರೂ ತಂತ್ರಾಂಶಗಳಲ್ಲಿ ಇದಕ್ಕೆಂದೇ ‘ಬರ್ನ್ ಇಮೇಜ್’ ಆಯ್ಕೆ ಇದೆ. ಬರೆದ ಡಿಸ್ಕ್ ತೆರೆದಾಗ ಹಲವು ಫೋಲ್ಡರ್ ಕಂಡರೆ ಸರಿ. ಐಎಸ್‌ಒ ಎಂದು ಮುಗಿಯುವ ಒಂದೇ ಫೈಲ್ ಕಂಡರೆ ಆ ಡಿಸ್ಕ್ ಹೋಯಿತು.

ಮಿಂಟ್‌ನ ಇಮೇಜ್ 3 ಜಿಬಿ ಆಸುಪಾಸಿನದು, ಡಿವಿಡಿಗೆ ಹಿಡಿಸುತ್ತದೆ. ಉಬುಂಟು 24.04 ಡೆಸ್ಕ್‌ಟಾಪ್ ಇಮೇಜ್ 5 ಜಿಬಿ ಮೀರಿದೆ. ಅದಕ್ಕೆ ಎರಡು ಪದರದ ಡಿಸ್ಕ್ ಬೇಕು, ಅದರ ಬದಲು ಪೆನ್‌ಡ್ರೈವ್ ವಾಸಿ.

## ಟಿವಿಯಲ್ಲಿ ಓಡಬೇಕಾದ ಡಿವಿಡಿ, ಕಾರಿನಲ್ಲಿ ಓಡಬೇಕಾದ ಸಿಡಿ

ಎಂಪಿ4 ಫೈಲನ್ನು ಡೇಟಾ ಡಿವಿಡಿಗೆ ಹಾಕಿಕೊಟ್ಟರೆ ಹಳೇ ಡಿವಿಡಿ ಪ್ಲೇಯರ್ ಓದುವುದಿಲ್ಲ. ಅದಕ್ಕೆ ಬೇಕಾದದ್ದು ಎಂಪೆಗ್-2 ರೂಪದ ವಿಡಿಯೊ, ನಮ್ಮ ಟಿವಿ ಪದ್ಧತಿಯಾದ ಪಾಲ್ ಅಳತೆಯಲ್ಲಿ 720×576, ಸೆಕೆಂಡಿಗೆ 25 ಚಿತ್ರ. ಇದನ್ನು ಮಾಡಿಕೊಡಲು ಡೆವೆಡೆ ಎಂಬ ತಂತ್ರಾಂಶ ಹಾಕಿಕೊಳ್ಳಿ. ಅದರಲ್ಲಿ ಪಾಲ್ ಆರಿಸಿ, ಐಎಸ್‌ಒ ಇಮೇಜ್ ಮಾಡಿಸಿ, ಆಮೇಲೆ ಕೆ3ಬಿಯಲ್ಲಿ ‘ಬರ್ನ್ ಇಮೇಜ್’ ಕೊಡಿ.

ತುಮಕೂರು ಸೀಮೆಯ ರಾತ್ರಿಯಿಡೀ ನಡೆಯುವ ಪೌರಾಣಿಕ ನಾಟಕದ ರೆಕಾರ್ಡಿಂಗ್ ತಂದವರು ಎಲ್ಲವನ್ನೂ ಒಂದೇ ಡಿಸ್ಕ್‌ಗೆ ಹಾಕಿಕೊಡಿ ಎನ್ನುವುದು ಸಹಜ. ಲೆಕ್ಕ ಹೀಗಿದೆ: ಎರಡು ಗಂಟೆಗೆ ಒಂದು ಡಿವಿಡಿಯಾದರೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಸಿಗುತ್ತದೆ, ಚಿತ್ರ ಚೆನ್ನಾಗಿರುತ್ತದೆ. ಆರು ಗಂಟೆಯನ್ನು ಅದೇ ಡಿಸ್ಕ್‌ಗೆ ತುರುಕಿದರೆ ಸಿಗುವುದು 1.7 ಮೆಗಾಬಿಟ್. ಜರಿ, ಕಿರೀಟ, ದೀಪದ ಬೆಳಕು ತುಂಬಿದ ರಂಗದ ದೃಶ್ಯ ಚೌಕಚೌಕವಾಗಿ ಒಡೆದು ಕಾಣುತ್ತದೆ. ಆರು ಗಂಟೆಗೆ ಮೂರು ಡಿಸ್ಕ್ ಎಂದು ಮೊದಲೇ ಹೇಳಿಬಿಡಿ.

ಹಾಡಿನ ಸಿಡಿಯಲ್ಲೂ ಎರಡು ಬಗೆ. ‘ಆಡಿಯೊ ಪ್ರಾಜೆಕ್ಟ್’ನಲ್ಲಿ ಮಾಡಿದ್ದು ಹೆಚ್ಚುಕಡಿಮೆ ಎಲ್ಲ ಪ್ಲೇಯರ್‌ಗಳಲ್ಲೂ ಓಡುತ್ತದೆ, ಆದರೆ 80 ನಿಮಿಷಕ್ಕೆ ಮುಗಿಯುತ್ತದೆ. ಎಂಪಿ3 ಫೈಲ್‌ಗಳನ್ನು ಡೇಟಾ ಸಿಡಿಯಾಗಿ ಬರೆದರೆ 128 ಕೆಬಿಪಿಎಸ್ ಗುಣಮಟ್ಟದಲ್ಲಿ ಸುಮಾರು 12 ಗಂಟೆ ಹಿಡಿಸುತ್ತದೆ, ಎಂಪಿ3 ಓದುವ ಪ್ಲೇಯರ್ ಮಾತ್ರ ಬೇಕು. ಕೆ3ಬಿಯ ಆಡಿಯೊ ಪ್ರಾಜೆಕ್ಟ್ ಎಂಪಿ3 ಫೈಲನ್ನು ಒಪ್ಪದಿದ್ದರೆ ಎಕ್ಸ್‌ಟ್ರಾಕೋಡೆಕ್ಸ್ ಎಂದು ಮುಗಿಯುವ ಅದರ ಪೂರಕ ಪ್ಯಾಕೇಜ್ ಹುಡುಕಿ ಹಾಕಿ.

## ವೇಗ, ಕರೆಂಟು, ಡಿಸ್ಕ್

16 ಎಕ್ಸ್ ಎಂದು ಬರೆದಿರುವ ಡಿವಿಡಿಗೆ 8 ಎಕ್ಸ್ ಇಡಿ. ಡಿವಿಡಿಯಲ್ಲಿ ಒಂದು ಎಕ್ಸ್ ಎಂದರೆ ಸೆಕೆಂಡಿಗೆ ಸುಮಾರು 1.385 ಎಂಬಿ. 8 ಎಕ್ಸ್‌ನಲ್ಲಿ ತುಂಬು ಡಿಸ್ಕ್‌ಗೆ ಎಂಟು ನಿಮಿಷದಷ್ಟು ಆಗುತ್ತದೆ, ಪರೀಕ್ಷೆಗೆ ಹೆಚ್ಚುಕಡಿಮೆ ಇನ್ನಷ್ಟೇ. ತೀರಾ ಕಡಿಮೆ ವೇಗ ಇಟ್ಟರೆ ಇನ್ನೂ ಒಳ್ಳೆಯದು ಎಂಬ ನಂಬಿಕೆ ಸರಿಯಲ್ಲ. ವೇಗದ ಬರವಣಿಗೆಗೆಂದು ಮಾಡಿದ ಪದರ ತೀರಾ ನಿಧಾನಕ್ಕೂ ಚೆನ್ನಾಗಿ ಒಗ್ಗದು. ನಡುವಿನದೇ ಒಳ್ಳೆಯದು.

ಬರೆಯುವಾಗ ಕರೆಂಟ್ ಹೋದರೆ ಒಮ್ಮೆ ಬರೆಯುವ ಡಿಸ್ಕ್ ಅಲ್ಲಿಗೇ ಮುಗಿಯಿತು. ಯುಪಿಎಸ್ ಇಲ್ಲದ ಕಡೆ ಲ್ಯಾಪ್‌ಟಾಪ್‌ನಲ್ಲಿ ಬರೆಯಿರಿ. ಖಾಲಿ ಡಿಸ್ಕ್‌ಗಳನ್ನು ಕೊಳ್ಳುವಾಗ ಧೂಳು ಹಿಡಿದ ಹಳೇ ಸರಕು ಬೇಡ. ನಮ್ಮಲ್ಲಿ ಮನೆಮಾತಾಗಿದ್ದ ಮೋಸರ್ ಬೇರ್ ಕಂಪನಿಯನ್ನು ಮುಚ್ಚಲು 2018ರಲ್ಲೇ ಆದೇಶವಾಯಿತು. ಅಂಥ ಹಳೇ ಕಟ್ಟುಗಳು ಅಂಗಡಿಯ ಮೂಲೆಯಲ್ಲಿ ಸಿಕ್ಕರೆ ಅವುಗಳ ಪದರಕ್ಕೆ ವಯಸ್ಸಾಗಿರುತ್ತದೆ.

## ಕೋರ್ಟ್‌ಗೆ ಹೋಗುವ ಡಿಸ್ಕ್

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರದಲ್ಲಿ ಎಲೆಕ್ಟ್ರಾನಿಕ್ ದಾಖಲೆಯ ಹ್ಯಾಶ್ ಮೌಲ್ಯ ನಮೂದಿಸಬೇಕು. ಹ್ಯಾಶ್ ಎಂದರೆ ಫೈಲ್‌ನ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ತೆಗೆದ ಒಂದು ಉದ್ದ ಗುರುತು. ಫೈಲ್‌ನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಗುರುತು ಪೂರಾ ಬೇರೆಯಾಗುತ್ತದೆ. ಲಿನಕ್ಸ್‌ನಲ್ಲಿ ಇದನ್ನು ತೆಗೆಯುವ ಉಪಕರಣ ಮೊದಲೇ ಇರುತ್ತದೆ: ‘ಎಸ್‌ಎಚ್‌ಎ256ಸಮ್’ ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಫೈಲನ್ನು ಟರ್ಮಿನಲ್ ಮೇಲೆ ಎಳೆದು ಬಿಟ್ಟು ಎಂಟರ್ ಒತ್ತಿ. 64 ಅಂಕಿ–ಅಕ್ಷರಗಳ ಸಾಲು ಬರುತ್ತದೆ.

ಮೂಲ ಫೈಲ್‌ಗೊಮ್ಮೆ, ಬರೆದ ಡಿಸ್ಕ್‌ನಲ್ಲಿರುವ ಅದೇ ಫೈಲ್‌ಗೊಮ್ಮೆ ತೆಗೆಯಿರಿ. ಎರಡನೆಯ ಸಲ ತೆಗೆಯುವ ಮೊದಲು ಟ್ರೇ ಹೊರತೆಗೆದು ಮತ್ತೆ ಹಾಕಿ, ಇಲ್ಲವಾದರೆ ಡಿಸ್ಕ್ ಬದಲು ರ‍್ಯಾಮ್‌ನಲ್ಲಿ ಉಳಿದದ್ದನ್ನೇ ಓದಿ ಸರಿಯಿದೆ ಎನ್ನಬಹುದು. ಇಡೀ ಡ್ರೈವ್‌ನ ಹ್ಯಾಶ್ ತೆಗೆದು ಐಎಸ್‌ಒ ಫೈಲ್‌ನದರ ಜೊತೆ ಹೋಲಿಸಿದರೆ ಹೊಂದದೇ ಇರಬಹುದು. ಬರೆಯುವಾಗ ಕೊನೆಯಲ್ಲಿ ಖಾಲಿ ತುಂಬಿಸುವ ಭಾಗವೂ ಲೆಕ್ಕಕ್ಕೆ ಬರುವುದೇ ಕಾರಣ, ಡಿಸ್ಕ್ ಕೆಟ್ಟಿದೆ ಎಂದಲ್ಲ. ಇಂಥ ಕೆಲಸಕ್ಕೆ ಆರ್‌ಡಬ್ಲ್ಯೂ ಡಿಸ್ಕ್ ಬಳಸಬೇಡಿ, ಸಿಸಿಟಿವಿ ಫೈಲನ್ನು ಬೇರೆ ರೂಪಕ್ಕೆ ಪರಿವರ್ತಿಸಲೂ ಬೇಡಿ. ಪರಿವರ್ತಿಸಿದರೆ ಹ್ಯಾಶ್ ಬದಲಾಗುತ್ತದೆ. ಪ್ರಮಾಣಪತ್ರದ ಒಕ್ಕಣೆಯನ್ನು ವಕೀಲರೇ ನೋಡಲಿ.

ಹೆಸರು ಬರೆಯಲು ಮೃದು ತುದಿಯ ಸಿಡಿ ಮಾರ್ಕರ್ ಬಳಸಿ. ಬಾಲ್‌ಪೆನ್ ತುದಿ ಸಿಡಿಯ ಮೇಲ್ಮೈಗೆ ಗೀರು ಹಾಕಿದರೆ ಕೆಳಗಿನ ಪದರವೇ ಹಾಳು. ಕಾಗದದ ಸ್ಟಿಕ್ಕರ್ ಡಿಸ್ಕ್‌ನ ತೂಕ ಒಂದು ಕಡೆಗೆ ವಾಲುವಂತೆ ಮಾಡುತ್ತದೆ.

## ಕೆಟ್ಟಾಗ ಓದಬೇಕಾದ ಸಾಲು

ಬರ್ನ್ ವಿಫಲವಾದರೆ ಕೆ3ಬಿಯಲ್ಲಿ ‘ಡಿಬಗಿಂಗ್ ಔಟ್‌ಪುಟ್’ ತೆರೆಯಿರಿ. ಉದ್ದದ ಬರಹದಲ್ಲಿ ಎಸ್‌ಕೆ ಎಂಬ ಎರಡಕ್ಷರ ಹುಡುಕಿ, ಮುಂದಿನ ಅಂಕಿ ನೋಡಿ. ಇದು ಡ್ರೈವ್ ತಾನೇ ಹೇಳುವ ಕಾರಣ.

ಅಂಕಿ 3 ಇದ್ದರೆ ದೋಷ ಡಿಸ್ಕ್‌ನದು, ಇಲ್ಲವೇ ಲೇಸರ್ ದುರ್ಬಲವಾಗಿದೆ. ಬೇರೆ ಕಂಪನಿಯ ಡಿಸ್ಕ್ ಹಾಕಿ, ವೇಗ ಇಳಿಸಿ ನೋಡಿ. ಎರಡು ಮೂರು ಬಗೆಯ ಡಿಸ್ಕ್‌ನಲ್ಲೂ ಅದೇ ಬಂದರೆ ಡ್ರೈವ್ ಬದಲಿಸುವ ಕಾಲ. ‘ಪವರ್ ಕ್ಯಾಲಿಬ್ರೇಷನ್’ ಎಂಬ ಮಾತು ಬಂದರೆ, ಬರೆಯುವ ಮೊದಲು ಲೇಸರ್‌ನ ಬಲ ಅಳೆದುಕೊಳ್ಳುವ ಹಂತದಲ್ಲೇ ಸೋತಿದೆ ಎಂದರ್ಥ, ಪರಿಹಾರ ಅದೇ. ಅಂಕಿ 4 ಎಂದರೆ ಯಂತ್ರಾಂಶದ ದೋಷ: ಕೇಬಲ್, ಯುಎಸ್‌ಬಿ ವಿದ್ಯುತ್ ನೋಡಿ. ಅಂಕಿ 2 ಎಂದರೆ ಡ್ರೈವ್ ಇನ್ನೂ ಸಿದ್ಧವಾಗಿಲ್ಲ. ಡಿಸ್ಕ್ ಹಾಕಿ ಅರ್ಧ ನಿಮಿಷ ಬಿಟ್ಟು ಮತ್ತೆ ಮಾಡಿ.

ಅಂಕಿ 5 ಬಂದರೆ ಡಿಸ್ಕ್ ಚೆನ್ನಾಗಿಯೇ ಇರಬಹುದು. ಈ ಡಿಸ್ಕ್‌ಗೆ ಈ ಆಜ್ಞೆ ಸಲ್ಲದು ಎಂದು ಡ್ರೈವ್ ಹೇಳುತ್ತಿದೆ: ಮುಚ್ಚಿದ ಡಿಸ್ಕ್‌ಗೆ ಮತ್ತೆ ಬರೆಯಲು ಹೊರಟಿದ್ದೀರಿ, ಇಲ್ಲವೇ ಬರೆಯುವ ಮೋಡ್ ಹೊಂದುತ್ತಿಲ್ಲ. ರೈಟಿಂಗ್ ಮೋಡ್, ರೈಟಿಂಗ್ ಆ್ಯಪ್ ಎರಡನ್ನೂ ‘ಆಟೊ’ಗೆ ತಂದು, ಇನ್ನೊಂದು ಖಾಲಿ ಡಿಸ್ಕ್ ಹಾಕಿ. ಆಗಲೂ ಬಂದರೆ ಎಕ್ಸ್‌ಎಫ್‌ಬರ್ನ್ ಹಾಕಿ ಪ್ರಯತ್ನಿಸಿ. ಅದು ಲಿಬ್‌ಬರ್ನ್ ಮೂಲಕ ಬರೆಯುವುದರಿಂದ, ಹಿಂದಿನ ಉಪಕರಣದಲ್ಲೇ ತೊಡಕಿದ್ದರೆ ಅಲ್ಲಿ ಗೊತ್ತಾಗುತ್ತದೆ.